ಮಿಲೋ ಕ್ರಾಟ್ಕಿ ಜೋಡಿಸಿದ ವೈರುಗಳು

ಮಿಲೋ ಕ್ರಾಟ್ಕಿ ವೈರು ಜೋಡಿಸುವಾಗ ಅವನ ಬಾಯಿ ಸುಮ್ಮನಿರುವುದಿಲ್ಲ. "ಬಾರಪ್ಪಾ ಬೂದು ಬಣ್ಣದವನೇ, ನೀನಿಲ್ಲಿ ಕೂತ್ಕೋ. ಆ ಕಂದು ಪಟ್ಟೆಯವನು ಎಲ್ಲಿ ಹಾಳಾಗಿ ಹೋದ?" ಅಂತ ಒಂದೊಂದು ವೈರನ್ನೂ ಮಾತಾಡಿಸಿಕೊಂಡೇ ಬೆಸುಗೆ ಹಾಕುತ್ತಾನೆ. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು. ಯಾವುದು ಹತ್ತಿರಕ್ಕೆ ಯಾವುದು ದೂರಕ್ಕೆ ಅಂತ ಅವನಿಗೇ ನೆನಪಿರುವುದಿಲ್ಲ. ನೆಬ್ರಾಸ್ಕಾದ ಈ ಮರಳುಗುಡ್ಡದ ಸೀಮೆಯಲ್ಲಿ ನಮ್ಮೂರಿನ ಅರ್ಧಕ್ಕರ್ಧ ಪಿಕಪ್ ಗಾಡಿಗಳು ಓಡುವುದು ಇವನ ಕೈಗುಣದಿಂದ ಅಂದರೆ ಹೊಸದಾಗಿ ಬಂದವರು ನಗುತ್ತಾರೆ.

ನಾನು ಕ್ಲೀಟಸ್. ಊರಿನ ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ಜನ ಆಡಿಕೊಳ್ಳುತ್ತಾರೆ. ಗಾಡಿ ಯಾವ ವರ್ಷದ್ದು ಅಂತ ಕೇಳಿದರೆ "ನೀಲಿ ಬಣ್ಣದ್ದು" ಅನ್ನುವವರ ಜೊತೆ ದಿನವಿಡೀ ಏಗಿ ನೋಡಲಿ, ಆಮೇಲೆ ಆಡಿಕೊಳ್ಳಲಿ. ಮಿಲೋ ಮಾತ್ರ ಹಾಗಲ್ಲ. ಅವನು ಬಂದರೆ ಬೇಕಾದ್ದನ್ನು ಕೇಳುತ್ತಾನೆ, ತೆಗೆದುಕೊಳ್ಳುತ್ತಾನೆ, ಹವಾಮಾನದ ಬಗ್ಗೆ ಒಂದು ಮಾತು ಆಡಿ ಹೊರಡುತ್ತಾನೆ. ಬೆಳಿಗ್ಗೆ ಸಂಜೆ ಸ್ಕೂಲ್ ಬಸ್ ಓಡಿಸುತ್ತಾನೆ, ನಡುವೆ ವೈರು. ಊರಿನ ಬೆಂಕಿ ಆರಿಸುವ ದಳದಲ್ಲೂ ಇದ್ದಾನೆ. ಅದರಲ್ಲಿ ಎಲ್ಲರೂ ಇದ್ದೇವೆ ಬಿಡಿ, ಸಂಬಳ ಕೊಟ್ಟು ಇಡುವಷ್ಟು ದೊಡ್ಡ ಊರಲ್ಲ ನಮ್ಮದು.

ದಳದ ಹುಲ್ಲುಬೆಂಕಿ ಗಾಡಿ ಒಂದು ಹಳೇ ಪಿಕಪ್. ಹಿಂದೆ ನೀರಿನ ಟ್ಯಾಂಕು, ಗಾಡಿಯ ಇಂಜಿನ್ನಿನಿಂದಲೇ ತಿರುಗುವ ಪಂಪು, ಪೈಪು ಕೂರಿಸಿದ್ದೇವೆ. ಅದನ್ನು ಊರೊಳಗೆ ಇಟ್ಟರೆ ದೂರದ ಹುಲ್ಲುಗಾವಲು ಮುಟ್ಟುವ ಹೊತ್ತಿಗೆ ಎಲ್ಲ ಬೂದಿ. ಅದಕ್ಕೇ ವೇಯ್ನ್ ಸೆವರ್ಸನ್‌ನ ದನದ ಫಾರ್ಮಿನಲ್ಲಿ, ಅವನ ಶೆಡ್ಡಿನಲ್ಲೇ ನಿಲ್ಲಿಸುತ್ತೇವೆ. ಎಲ್ಲಿ ಹೊಗೆ ಕಂಡರೂ ವೇಯ್ನ್ ಹತ್ತಿ ಹೊರಡುವುದು, ನಾವು ಹಿಂದಿನಿಂದ ಹೋಗಿ ಸೇರಿಕೊಳ್ಳುವುದು ರೂಢಿ.

ಹೋದ ಶರತ್ಕಾಲದಲ್ಲಿ ಆ ಗಾಡಿಯ ಇಂಜಿನ್ ಕಂಪ್ಯೂಟರಿಗೆ ಹೋಗುವ ವೈರುಗಳನ್ನು ಇಲಿ ಕಡಿದು ಹಾಕಿತ್ತು. ಆ ಕಂಪ್ಯೂಟರ್ ಒಂದು ಪುಸ್ತಕದಷ್ಟು ದೊಡ್ಡ ಪೆಟ್ಟಿಗೆ. ಪೆಟ್ರೋಲ್ ಎಷ್ಟು ಹೋಗಬೇಕು, ಕಿಡಿ ಯಾವಾಗ ಹೊಡೆಯಬೇಕು ಎಲ್ಲ ಹೇಳುವುದು ಅದೇ. ಅದಕ್ಕೆ ಚುಚ್ಚುವ ಪ್ಲಗ್ಗಿನಲ್ಲಿ ಎರಡು ಸಾಲು ಪಿನ್ನು, ಒಂದೊಂದು ಪಿನ್ನಿಗೂ ಒಂದೊಂದು ಕೆಲಸ, ಒಂದೊಂದು ಬಣ್ಣದ ವೈರು. ಮಿಲೋ ಗುಜರಿಯಿಂದ ಅಂಥದ್ದೇ ಖಾಲಿ ಪ್ಲಗ್ಗೊಂದನ್ನು ತಂದು, ಹಳೆಯದರಿಂದ ಒಂದು ವೈರು ಕೀಳು, ಹೊಸದರಲ್ಲಿ ಅದೇ ಜಾಗಕ್ಕೆ ಅದೇ ಬಣ್ಣದ್ದನ್ನು ಕೂರಿಸು ಅಂತ ಒಂದೊಂದಾಗಿ ಮುಗಿಸಿದ. ನಕ್ಷೆ ಬೇಕಾ ಅಂತ ನಾನೇ ಕೇಳಿದ್ದೆ. "ಬಣ್ಣ ಕಣ್ಣಿಗೆ ಕಾಣ್ಸುತ್ತಲ್ಲ, ಕಾಗದ ಯಾಕಯ್ಯ?" ಅಂದಿದ್ದ. ಗಾಡಿ ಚಳಿಗಾಲವೆಲ್ಲ ಚೆನ್ನಾಗಿ ಓಡಿತು.

ಮಾರ್ಚಿನಲ್ಲಿ, ಕಡಸುಗಳು ಕರು ಹಾಕುವ ಕಾಲದಲ್ಲಿ, ಒಂದು ಮಧ್ಯಾಹ್ನ ಗಾಳಿಗೆ ಕರೆಂಟಿನ ತಂತಿ ಒಂದಕ್ಕೊಂದು ಬಡಿದು ವೇಯ್ನ್‌ನದೇ ಗುಡ್ಡದ ಹುಲ್ಲಿಗೆ ಬೆಂಕಿ ಹತ್ತಿತು. ಬೆಂಕಿ ಗಾಡಿ ಇರುವುದು ಅವನ ಶೆಡ್ಡಿನಲ್ಲೇ. ಹತ್ತಿದ, ಚಾಲೂ ಮಾಡಿದ, ಹೊರಟ. ಗುಡ್ಡದ ಬುಡದ ಗೇಟಿನ ಹತ್ತಿರ ಇಂಜಿನ್ ನಿಂತುಹೋಯಿತು. ಎಷ್ಟು ತಿರುಗಿಸಿದರೂ ಹಿಡಿಯಲಿಲ್ಲ. ಟ್ಯಾಂಕಿನ ತುಂಬ ನೀರಿಟ್ಟುಕೊಂಡು ಬೆಂಕಿ ಪಕ್ಕದಲ್ಲೇ ಹಾದು ಹೋಗುವುದನ್ನು ನೋಡುತ್ತ ನಿಂತನಂತೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಕೊಟ್ಟಿಗೆಯ ಚಾವಣಿ ಕುಸಿದಿತ್ತು. ಅವನ ಹೆಂಡತಿ ಲೊರೇನ್ ಕೆಲವು ಕಡಸುಗಳನ್ನು ಹೊರಗೆ ಅಟ್ಟಿದ್ದಳು. ಉಳಿದವು, ಎಳೇ ಕರುಗಳ ಸಮೇತ, ಒಳಗೇ ಸುಟ್ಟುಹೋದವು. ಅವನ್ನೆಲ್ಲ ಬಾಟಲಿ ಹಾಲು ಕುಡಿಸಿ ಸಾಕಿದವಳು ಅವಳು. ಆ ದಿನದ ವಾಸನೆ ಈಗಲೂ ನನ್ನ ಕೋಟಿನಿಂದ ಹೋಗಿಲ್ಲ.

ಮಾರನೇ ದಿನದಿಂದಲೇ ನನ್ನ ಕೌಂಟರಿನ ಮುಂದೆ ಶುರುವಾಯಿತು. "ಆ ವೈರಿಂಗ್ ಮಾಡಿದ್ದು ಮಿಲೋ ಅಲ್ವಾ?" ಅಂತ ಒಬ್ಬ. "ವಯಸ್ಸಾಯ್ತು ಪಾಪ, ಮೊದಲಿನ ಹಾಗೆ ತಲೆ ಓಡಲ್ಲ" ಅಂತ ಇನ್ನೊಬ್ಬ. ಒಬ್ಬಳು ತಾಯಿಯಂತೂ, ಇಂಥವನ ಬಸ್ಸಿಗೆ ಮಕ್ಕಳನ್ನು ಹತ್ತಿಸುವುದು ಹೇಗೆ ಅಂತ ಸ್ಪಾರ್ಕ್ ಪ್ಲಗ್ ಕೊಳ್ಳುತ್ತಲೇ ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಬೇಕಂತಲೇ ಬೇರೆ ಸ್ಪಾರ್ಕ್ ಪ್ಲಗ್ ಕೊಟ್ಟು ಕಳಿಸೋಣವೆನ್ನಿಸಿತು, ಕೊಡಲಿಲ್ಲ.

ದಳದ ಮುಖ್ಯಸ್ಥ ರೋಡ್ನಿ ಗಾಡಿಯನ್ನು ಎಳೆಸಿಕೊಂಡು ಬಂದು ಮಿಲೋನ ಶೆಡ್ಡಿನಲ್ಲೇ ಬಿಟ್ಟು, "ಏನಾಗಿದೆ ನೋಡು" ಅಂದ. ಅಷ್ಟೇ ಅಂದದ್ದು. ಮಿಲೋ ನನ್ನ ಅಂಗಡಿಗೆ ಬಂದು, ಯಾವತ್ತೂ ಕೇಳದವನು ಪಿನ್ನಿನ ನಕ್ಷೆ ಕೇಳಿದ. ಪ್ರಿಂಟ್ ತೆಗೆದು ಕೊಟ್ಟೆ. ಅವನ ಮುಖ ನೋಡಿ ಕೌಂಟರ್ ಬೇರೆಯವರಿಗೆ ವಹಿಸಿ ನಾನೂ ಹಿಂದೆಯೇ ಹೋದೆ. ಅವನಿಗೆ ಗೊತ್ತಾಗಬೇಕಾಗಿದ್ದದ್ದು ಒಂದೇ, ಆ ದನಗಳು ಸತ್ತದ್ದು ತನ್ನ ಕೈಯಿಂದಲೋ ಅಲ್ಲವೋ ಅನ್ನುವುದು.

ನಕ್ಷೆಯಲ್ಲಿ ಎರಡು ಸಾಲು ಚೌಕ, ಚೌಕಕ್ಕೊಂದು ನಂಬರು, ಪಕ್ಕದಲ್ಲಿ ಬಣ್ಣ ಮತ್ತು ಕೆಲಸ. ಪ್ಲಗ್ಗಿನ ಮೇಲೆ ಅಚ್ಚಾಗಿದ್ದ ನಂಬರುಗಳು ಸವೆದು ಹೋಗಿದ್ದವು. ಮಿಲೋ ಪ್ಲಗ್ ಕಿತ್ತು, ವೈರು ಹೊರಗೆ ಬರುವ ಕಡೆಯಿಂದ ನೋಡುತ್ತ ಎಡತುದಿಯಿಂದ ಎಣಿಸತೊಡಗಿದ. ನಾನು ನಕ್ಷೆ ಓದಿದೆ.

"ಮೊದಲನೇದು ಬೂದು, ಪೆಟ್ರೋಲ್ ಪಂಪಿಂದು."

"ಇಲ್ಲಿ ಹಳದಿ ಐತಲ್ಲೋ."

"ಸರಿಯಾಗಿ ನೋಡು. ಎರಡನೇದು ಕಂದು ಪಟ್ಟೆ."

"ನೇರಳೆ."

ಒಂದಾದರೂ ಹೊಂದಬೇಕಲ್ಲ? ನಟ್ಟನಡುವಿನದು ಮಾತ್ರ ಹೊಂದಿತು. ಎರಡನೇ ಸಾಲಿನಲ್ಲೂ ಅಷ್ಟೇ, ನಡುವಿನದು ಸರಿ, ಮಿಕ್ಕಿದ್ದೆಲ್ಲ ತಪ್ಪು. ನಾನು ಬೇರೆ ವರ್ಷದ ನಕ್ಷೆ ಕೊಟ್ಟೆನೇನೋ ಅಂತ ಓಡಿಹೋಗಿ ಹಿಂದಿನ ವರ್ಷದ್ದು, ಮುಂದಿನ ವರ್ಷದ್ದು ಎರಡೂ ತಂದೆ. ಅವು ಇದಕ್ಕಿಂತ ಅಧ್ವಾನ. ಮತ್ತೆ ಎಣಿಸಿದೆವು. ಮಿಲೋ ಕನ್ನಡಕ ಬದಲಾಯಿಸಿ ಎಣಿಸಿದ. ನಾನು ಪ್ಲಗ್ ಹಿಡಿದು ಅವನಿಗೆ ನಕ್ಷೆ ಕೊಟ್ಟು ಎಣಿಸಿದೆ.

"ಎಲ್ಲಾ ತಪ್ಪಾಗಿದ್ರೆ ಚಳಿಗಾಲ ಪೂರ್ತಿ ಓಡಿದ್ದು ಹೆಂಗಯ್ಯ ಇದು?" ಅಂತ ಕೇಳಿದೆ.

"ಅದೇ ನಂಗೂ ತಿಳೀತಿಲ್ಲ."

"ಓಡೋಕೇ ಸಾಧ್ಯ ಇಲ್ಲ ಕಣೋ. ಪಂಪಿನ ಜಾಗದಲ್ಲಿ ಇನ್ನೇನೋ ಕೂತಿದ್ರೆ ಚಾಲೂನೇ ಆಗಲ್ಲ."

"ಆದ್ರೆ ಕಾಗದ ಹೇಳ್ತಿದೆಯಲ್ಲ, ಕ್ಲೀಟಸ್. ಕಾಗದ ಯಾಕೆ ಸುಳ್ಳು ಹೇಳುತ್ತೆ? ಏನೋ ಅದೃಷ್ಟಕ್ಕೆ ಓಡಿರಬೇಕು. ಅದೃಷ್ಟ ಮುಗೀತು, ನಿಂತ್ಹೋಯ್ತು." ಅಷ್ಟು ಹೇಳಿ ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಆ ಪ್ಲಗ್ ಮಾಡಿದ ದಿನ ನಂಗೆ ಚೆನ್ನಾಗಿ ನೆನಪೈತೆ. ಒಂದೊಂದೂ ಸರಿಯಾಗೇ ಹಾಕಿದ್ದೆ. ಹಂಗಂದ್ಮೇಲೆ ನನ್ನ ನೆನಪೇ ಸರಿ ಇಲ್ವಾ?"

ವೈರು ತಪ್ಪಾದರೆ ಬಿಚ್ಚಿ ಹಾಕಬಹುದು. ಮಾಡಿದ್ದು ನೆನಪಿದ್ದೂ ಕಣ್ಣ ಮುಂದೆ ಬೇರೆಯೇ ಕಂಡರೆ ಮನುಷ್ಯ ಎಲ್ಲಿಗೆ ಹೋಗಬೇಕು? ಮಿಲೋ ಅವತ್ತು ಬಸ್ಸಿನ ಬೀಗದ ಕೈ ಕೊಂಡೊಯ್ದು ಶಾಲೆಯವರಿಗೆ ಕೊಟ್ಟುಬಿಟ್ಟ. ಸ್ವಲ್ಪ ದಿನ ಬೇರೆಯವರು ಓಡಿಸಲಿ ಅಂದನಂತೆ.

ಆ ಭಾನುವಾರ ಚರ್ಚು ಮುಗಿದ ಮೇಲೆ ಸೆವರ್ಸನ್ ಮನೆಗೆ ಹೋಗಬೇಕು, ನೀನೂ ಬಾ ಅಂದ. ಮಿಲೋನ ಹೆಂಡತಿ ಇರ್ಮಾ ಗಸಗಸೆ ಹೂರಣದ ಕೊಲಾಚಿ ಬನ್ನು ಒಂದು ತಟ್ಟೆ ಬೇಯಿಸಿ ಕೊಟ್ಟಿದ್ದಳು. ವೇಯ್ನ್‌ನ ಅಡುಗೆಮನೆಯ ಮೇಜಿನ ಮುಂದೆ ಕೂತೆವು. ಕಿಟಕಿಯಲ್ಲಿ ಸುಟ್ಟ ಕಂಬಗಳು ಕಾಣುತ್ತಿದ್ದವು. ಮಿಲೋ ಟೋಪಿ ತೆಗೆದು, ಯಾವ ಪೀಠಿಕೆಯೂ ಇಲ್ಲದೆ ಹೇಳಿದ.

"ವೇಯ್ನ್, ಲೊರೇನ್, ತಪ್ಪು ನಂದು. ವೈರು ತಪ್ಪು ಹಾಕಿದ್ದೆ. ನಕ್ಷೆ ಜೊತೆ ಹೊಂದಿಸಿ ನೋಡ್ದೆ. ಒಂದೂ ಸರಿ ಇಲ್ಲ."

ಲೊರೇನ್ ಎದ್ದು ಹೋಗಿ ನಲ್ಲಿ ತಿರುಗಿಸಿ, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ವೇಯ್ನ್ ಮೇಜನ್ನೇ ನೋಡುತ್ತಿದ್ದ. ದೊಡ್ಡ ಆಳು ಅವನು, ಹೋರಿಯ ಹಾಗೆ ಕೂತಿದ್ದ. "ಆಗಿದ್ದು ಆಯ್ತು ಬಿಡು" ಅಂದ. ಕೊಲಾಚಿ ಮುಟ್ಟಲಿಲ್ಲ. ಲೊರೇನ್ ಬೆನ್ನು ತಿರುಗಿಸಿಕೊಂಡೇ, "ಈಗ ಹೊರಡು ಮಿಲೋ. ನಿನ್ನ ಮುಖ ನೋಡೋಕೆ ನಂಗೆ ಇವತ್ತು ಆಗ್ತಿಲ್ಲ" ಅಂದಳು. ಹೊರಟೆವು.

ಇದಾಗಿ ಕೆಲವು ದಿನಕ್ಕೆ ಮಿಲೋನ ಮನೆಗೆ ಹೋದಾಗ ಅವನು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದ. ಪ್ಲಗ್ಗನ್ನು ವೈರಿನ ಬಾಲ ಸಮೇತ ಕತ್ತರಿಸಿ ತಂದು ಪಕ್ಕದಲ್ಲಿ ಇಟ್ಟುಕೊಂಡಿದ್ದ. ನಕ್ಷೆಯ ಪ್ರಕಾರ ಎಲ್ಲವನ್ನೂ ಕಿತ್ತು ಹೊಸದಾಗಿ ಕೂರಿಸುತ್ತೇನೆ ಅಂದ. ಇರ್ಮಾ ಕಿಟಕಿಯ ಹತ್ತಿರ ಕೌದಿ ಹೊಲಿಯುತ್ತಿದ್ದಳು. ನಾವು ಮತ್ತೆ ಬೂದು, ಹಳದಿ ಅಂತ ಶುರು ಮಾಡಿದ್ದು ಕೇಳಿ ಕೇಳಿ ಅವಳಿಗೆ ಸಾಕಾಗಿರಬೇಕು.

"ನೀವಿಬ್ರೂ ಅದನ್ನ ಮುಖದ ಕಡೆಯಿಂದ ನೋಡ್ತಿದೀರೋ, ಬೆನ್ನಿನ ಕಡೆಯಿಂದ ನೋಡ್ತಿದೀರೋ?" ಅಂದಳು.

"ಯಾವುದನ್ನ?"

"ಆ ಪ್ಲಗ್ಗನ್ನ. ಬಟ್ಟೆ ಮಗುಚಿ ಹಾಕ್ಕೊಂಡು ಕತ್ತರಿಸಿದ್ರೆ ನಂಗೂ ಎಡತೋಳು ಬಲಕ್ಕೆ ಬರುತ್ತೆ."

ಎದ್ದು ಬಂದು ನಕ್ಷೆಯನ್ನು ಎತ್ತಿ, ಹಿಂದುಮುಂದಾಗಿ ಕಿಟಕಿಯ ಗಾಜಿಗೆ ಹಿಡಿದಳು. ಬೆಳಕಿಗೆ ಚೌಕಗಳು ಕಾಗದದ ಬೆನ್ನಲ್ಲಿ ಮೂಡಿದವು. ಮೊದಲನೆಯದು ಹಳದಿ. ಎರಡನೆಯದು ನೇರಳೆ. ಕೊನೆಯದು ಬೂದು. ಮಿಲೋ ಪ್ಲಗ್ ಕೈಯಲ್ಲಿ ಹಿಡಿದು ಎದ್ದು ನಿಂತ. ಒಂದೂ ಬಿಡದೆ ಹೊಂದಿತು. ನಕ್ಷೆ ಬರೆದ ಪುಣ್ಯಾತ್ಮ ಪ್ಲಗ್ಗಿನ ಬಾಯಿಯ, ಅಂದರೆ ಪೆಟ್ಟಿಗೆಗೆ ಚುಚ್ಚುವ ಕಡೆಯಿಂದ ನೋಡಿ ಬರೆದಿದ್ದ, ನಾವು ವೈರಿನ ಕಡೆಯಿಂದ ನೋಡಿದ್ದೆವು. ಹಾಗಂತ ಕಾಗದದ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದೂ ಇದ್ದ. ಅವನ ಕೈಗೆ ಅದೇ ಪ್ಲಗ್ ಕೊಟ್ಟು, ಮೈಕೊರೆಯುವ ಶೆಡ್ಡಿನಲ್ಲಿ ತಲೆಕೆಳಗಾಗಿ ಮಲಗಿಸಿ ಓದಿಸಬೇಕು.

"ಅಂದ್ರೆ ನಾನು ಸರಿಯಾಗೇ ಹಾಕಿದ್ದೆ" ಅಂದ ಮಿಲೋ. ಆಮೇಲೆ ಮುಖ ಮತ್ತೆ ಗೊಂದಲಕ್ಕೆ ಬಿತ್ತು. "ಹಂಗಾದ್ರೆ ಗಾಡಿ ನಿಂತಿದ್ದು ಯಾಕೆ?"

ಪ್ಲಗ್ಗನ್ನು ಮತ್ತೆ ಜೋಡಿಸಿ, ಶೆಡ್ಡಿನಲ್ಲಿ ಹುಡುಕಿದೆವು. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಸದ್ದೇ ಮಾಡುತ್ತಿರಲಿಲ್ಲ. ಪಂಪಿಗೆ ಕರೆಂಟು ಬಿಡುವ ರಿಲೇ ಅಂತ ಒಂದಿರುತ್ತದೆ, ಸಕ್ಕರೆ ಕ್ಯೂಬಿನಷ್ಟು ಕಪ್ಪು ಡಬ್ಬಿ, ಬೆರಳಲ್ಲೇ ಕೀಳಬಹುದು. ಮಿಲೋ ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. ಒಳಗೆ ಸುಟ್ಟ ವಾಸನೆ. ಹೊಸದು ಚುಚ್ಚಿದೊಡನೆ ಪಂಪು ಗುಂಯ್ ಅಂದಿತು. ನಾನು ಕಿತ್ತದ್ದನ್ನು ತಿರುಗಿಸಿ ನೋಡಿದೆ. ಬುಡದಲ್ಲಿ ಕಿತ್ತಳೆ ಬಣ್ಣದ ಒಂದು ಬೊಟ್ಟು.

ನಮ್ಮಲ್ಲಿ ಒಬ್ಬೊಬ್ಬ ದನದವನೂ ತನ್ನ ಸಾಮಾನಿಗೆ ಒಂದು ಬಣ್ಣ ಹಚ್ಚಿಟ್ಟಿರುತ್ತಾನೆ. ಕಾಸಿದ ಕಬ್ಬಿಣದಿಂದ ಕರುಗಳಿಗೆ ಮನೆಗುರುತಿನ ಮುದ್ರೆ ಒತ್ತುವ ದಿನ ಹತ್ತು ಮನೆಯ ಸ್ಪಾನರು, ಇಕ್ಕಳ ಒಂದೇ ಕಡೆ ಬಿದ್ದಿರುತ್ತವೆ, ಸಂಜೆಗೆ ಯಾರದ್ದು ಯಾರಿಗೆ ಅಂತ ತಿಳಿಯಬೇಕಲ್ಲ. ಕಿತ್ತಳೆ ಸೆವರ್ಸನ್ ಮನೆಯದು. ವೇಯ್ನ್ ಗಾಡಿಯ ಬಿಡಿಭಾಗಕ್ಕೂ ಬೊಟ್ಟಿಡುತ್ತಾನೆ, ಅಷ್ಟು ಅಚ್ಚುಕಟ್ಟು. ವಿಷಯ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವನ ಸ್ವಂತ ಪಿಕಪ್ಪಿನ ರಿಲೇ ಸ್ವಲ್ಪ ಓಡಿ ಬಿಸಿಯಾದಾಗೆಲ್ಲ ಕೈಕೊಡತೊಡಗಿದೆ. ಕರು ಹಾಕುವ ಕಾಲ, ಊರಿಗೆ ಬರಲು ಪುರಸೊತ್ತಿಲ್ಲ. ತನ್ನ ಶೆಡ್ಡಿನಲ್ಲೇ ನಿಂತಿದ್ದ ಬೆಂಕಿ ಗಾಡಿಯದನ್ನು ಕಿತ್ತು ತನ್ನದಕ್ಕೆ ಹಾಕಿಕೊಂಡಿದ್ದಾನೆ, ತನ್ನ ಕೆಟ್ಟದ್ದನ್ನು ಇದಕ್ಕೆ ಹಾಕಿದ್ದಾನೆ, ಆಮೇಲೆ ಸರಿಮಾಡಿದರಾಯಿತು ಅಂತ. ನಾವೆಲ್ಲ ಮಾಡುವುದೇ ಇದು. ನನ್ನ ಟ್ರಾಕ್ಟರಿನ ಬ್ಯಾಟರಿ ಈಗಲೂ ತಮ್ಮನ ಗಾಡಿಯಲ್ಲಿದೆ.

"ಅವನಿಗೆ ಗೊತ್ತಿತ್ತು ಕಣಯ್ಯ" ಅಂದೆ. "ಅವನ ಮೇಜಿನ ಮುಂದೆ ಕೂತ್ಕೊಂಡು ನೀನು ತಪ್ಪು ನಂದು ಅಂದಾಗ ಬಾಯಿ ಹೊಲ್ಕೊಂಡು ಕೂತಿದ್ನಲ್ಲ. ನಡಿ, ಈಗಲೇ ಊರೆಲ್ಲ ಹೇಳ್ಬಿಡೋಣ."

"ಬೇಡ."

"ಬೇಡ ಅಂದ್ರೆ? ನಿನ್ನ ಬಸ್ಸು? ನಿನ್ನ ಹೆಸರು?"

"ಅವನ ದನ ಹೋಗಿವೆ, ಕೊಟ್ಟಿಗೆ ಹೋಗಿದೆ. ಅದರ ಮೇಲೆ ಇದನ್ನೂ ಹೊರಿಸ್ಲಾ? ಲೊರೇನ್‌ಗೆ ಹೇಗೆ ಮುಖ ತೋರಿಸ್ತಾನೆ ಅವನು?" ಅಂದ ಮಿಲೋ. ರಿಲೇಯನ್ನು ನನ್ನ ಕೈಯಿಂದ ತೆಗೆದು ಜೇಬಿಗೆ ಹಾಕಿಕೊಂಡು, "ನಂಗೆ ಗೊತ್ತಾಯ್ತಲ್ಲ, ಸಾಕು" ಅಂದ. ಸಾಕಾಗಿರಲಿಲ್ಲ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಮಾಡದ ತಪ್ಪು ಹೊತ್ತುಕೊಂಡನಲ್ಲ ಅಂತ ಇರ್ಮಾ ಆ ವಾರವೆಲ್ಲ ಅವನ ಜೊತೆ ಮಾತಾಡಲಿಲ್ಲವಂತೆ. ನನ್ನಿಂದ ಮಾತು ತೆಗೆದುಕೊಂಡಿದ್ದ, ಅದಕ್ಕೆ ನಾನೂ ಸುಮ್ಮನಿದ್ದೆ. ಕೌಂಟರಿನ ಮುಂದೆ ಯಾರಾದರೂ ಮಿಲೋನ ಸುದ್ದಿ ಎತ್ತಿದರೆ ಗೋದಾಮಿಗೆ ಹೋಗಿ ನಿಂತು ಬರುತ್ತಿದ್ದೆ.

ಮೇ ತಿಂಗಳಲ್ಲಿ ಸೆವರ್ಸನ್ ಮನೆಯಲ್ಲಿ ಉಳಿದ ಕರುಗಳಿಗೆ ಮುದ್ರೆ ಒತ್ತುವ ದಿನ ಬಂತು. ನೆರೆಹೊರೆಯವರೆಲ್ಲ ಹೋಗಲೇಬೇಕು, ಕರೆಯುವುದು ಗಿರೆಯುವುದು ಏನೂ ಇಲ್ಲ. ಮಿಲೋ ಬೇಡ ಅಂದರೂ ಇರ್ಮಾ ಹೊರಡಿಸಿದಳು. ಕೆಲಸ ಮುಗಿದು, ಅಂಗಳದಲ್ಲಿ ಹಲಗೆಯ ಮೇಜು ಹಾಕಿ ಎಲ್ಲರೂ ಊಟಕ್ಕೆ ಕೂತೆವು. ದನದ ಮಾಂಸದ ರೋಸ್ಟು, ಬೀನ್ಸು, ಆಲೂಗಡ್ಡೆ. ಮಿಲೋ ತುದಿಯಲ್ಲಿ ಕೂತಿದ್ದ. ಅವನ ಎದುರು ಜಾಗ ಖಾಲಿ ಉಳಿಯಿತು, ಕೊನೆಗೆ ಬಂದ ವೇಯ್ನ್ ಅಲ್ಲೇ ಕೂರಬೇಕಾಯಿತು.

ಲೊರೇನ್ ಕಾಫಿಯ ಜಗ್ಗು ಹಿಡಿದು ಬಂದಳು. ಮಿಲೋನ ಹತ್ತಿರ ನಿಂತಳು. ಮೇಜಿನ ಮಾತು ಒಂದೊಂದಾಗಿ ನಿಂತಿತು.

"ಮಿಲೋ, ಎಲ್ಲರ ಮುಂದೆ ಹೇಳ್ತೀನಿ" ಅಂದಳು. "ನಿನ್ನ ಮೇಲೆ ತುಂಬಾ ದ್ವೇಷ ಇಟ್ಕೊಂಡಿದ್ದೆ. ಪ್ರತಿ ಭಾನುವಾರ ಚರ್ಚಲ್ಲಿ ನಿನ್ನ ತಲೆ ಹಿಂದಿನಿಂದ ಕಂಡ್ರೆ ಪ್ರಾರ್ಥನೆ ಮರೆತು ಹೋಗ್ತಿತ್ತು. ತುಂಬಾ ಕಷ್ಟಪಟ್ಟು ಅದನ್ನ ಬಿಟ್ಟಿದೀನಿ. ನಿನ್ನನ್ನ ಕ್ಷಮಿಸಿದೀನಿ."

ಮಿಲೋ ಅವಳನ್ನು ನೋಡಿದ, ನನ್ನನ್ನು ನೋಡಿದ. "ಥ್ಯಾಂಕ್ಸ್, ಲೊರೇನ್" ಅಂದ.

ವೇಯ್ನ್ ಚಾಕು ಕೆಳಗಿಟ್ಟ. "ಅವನ ವೈರು ಸರಿ ಇತ್ತು" ಅಂದ.

"ಏನಂದೆ?" ಅಂದಳು ಲೊರೇನ್.

"ಮಿಲೋ ವೈರು ಸರಿಯಾಗೇ ಹಾಕಿದ್ದ. ಆ ಗಾಡಿಯ ಪೆಟ್ರೋಲ್ ಪಂಪಿನ ರಿಲೇ ನಾನು ಕಿತ್ತು ನನ್ನ ಗಾಡಿಗೆ ಹಾಕ್ಕೊಂಡಿದ್ದೆ. ನನ್ನ ಕೆಟ್ಟಿದ್ದನ್ನ ಅದಕ್ಕೆ ಹಾಕಿದ್ದೆ. ಆಮೇಲೆ ಕರುಗಳ ಗಡಿಬಿಡೀಲಿ ಮರೆತೇ ಹೋಯ್ತು. ಗೇಟಿನ ಹತ್ರ ಅದು ನಿಂತಾಗಲೇ ನಂಗೆ ನೆನಪಾಯ್ತು."

ಲೊರೇನ್ ಗಂಡನನ್ನು ನೋಡಲೇ ಇಲ್ಲ. ಅವಳ ಕಣ್ಣು ಮಿಲೋನ ಮೇಲೇ ಇತ್ತು.

"ನಿಂಗೆ ಗೊತ್ತಿತ್ತಾ?" ಅಂತ ಕೇಳಿದಳು.

ಮಿಲೋಗೆ ಸುಳ್ಳು ಹೇಳಲು ಬರುವುದಿಲ್ಲ. "ಆಮೇಲೆ ಗೊತ್ತಾಯ್ತು" ಅಂದ.

"ಗೊತ್ತಿದ್ದೂ ನನ್ನಿಂದ ಕ್ಷಮೆ ತಗೊಂಡ್ಯಾ? ಅದನ್ನ ಕೊಡೋಕೆ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ ನಿಂಗೆ? ನಿನ್ನ ಮೇಲೆ ಸುಮ್ಮಸುಮ್ಮನೆ ಹಗೆ ಸಾಧಿಸಿ, ಈಗ ಎಲ್ಲರ ಮುಂದೆ ಪೆದ್ದಿ ಹಾಗೆ ನಿಂತಿದೀನಲ್ಲ ನಾನು. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮ್ಮಿಬ್ರಿಗೂ?"

ಅವಳು ಜಗ್ಗು ಎತ್ತಿಕೊಂಡು ಮೇಜಿನ ಉದ್ದಕ್ಕೂ ಎಲ್ಲರಿಗೂ ಕಾಫಿ ಬಗ್ಗಿಸಿದಳು. ಮಿಲೋನ ಲೋಟಕ್ಕೂ ವೇಯ್ನ್‌ನ ಲೋಟಕ್ಕೂ ಹಾಕಲಿಲ್ಲ. ಇಬ್ಬರೂ ಖಾಲಿ ಲೋಟ ಮುಂದಿಟ್ಟುಕೊಂಡು ಎದುರುಬದುರು ಕೂತಿದ್ದರು.

ವಾಪಸು ಬರುವಾಗ ನಾನು ಗಾಡಿ ಓಡಿಸಿದೆ. ನಡುವೆ ಇರ್ಮಾ, ಆ ತುದಿಗೆ ಮಿಲೋ.

"ಕ್ಲೀಟಸ್" ಅಂದ ಮಿಲೋ. "ಮೊದಲು ತಪ್ಪು ಮಾಡ್ದೆ ಇದ್ದದ್ದಕ್ಕೆ ಕ್ಷಮೆ ಕೇಳ್ದೆ. ಈಗ ಕ್ಷಮೆ ತಗೊಂಡಿದ್ದೇ ತಪ್ಪು ಅಂತಾಳೆ. ಅದಕ್ಕೂ ಹೋಗಿ ಕ್ಷಮೆ ಕೇಳ್ಬೇಕಾ?"

"ಗೊತ್ತಿಲ್ಲ ಕಣಯ್ಯ."

"ವೇಯ್ನ್ ಮೇಲೆ ಕೂಗಾಡ್ಬೇಕಿತ್ತು ಅವಳು. ನನ್ನ ಮೇಲೆ ಯಾಕೆ ಕೂಗಾಡಿದ್ಲು?"

"ಅವನ ಜೊತೆ ಕೂಗಾಡೋಕೆ ಮನೇಲಿ ಬೇಕಾದಷ್ಟು ಹೊತ್ತಿದೆ" ಅಂದಳು ಇರ್ಮಾ.

ಹಳ್ಳದ ಸೇತುವೆ ದಾಟಿದೆವು. ಅಷ್ಟು ಹೊತ್ತೂ ಮಿಲೋ ಅದೇ ಯೋಚನೆ ಮಾಡುತ್ತಿದ್ದನೇನೋ.

"ಆದ್ರೂ ಎಲ್ಲರ ಮುಂದೆ ಅವನೇ ಹೇಳಿದ್ನಲ್ಲ" ಅಂದ. "ವೈರು ಸರಿ ಇತ್ತು ಅಂತ."

"ಹೇಳ್ದ."

"ನೀನೂ ಕೇಳಿಸ್ಕೊಂಡೆಯಲ್ಲ?"

"ಕೇಳಿಸ್ಕೊಂಡೆ. ಊರಿಗೆ ಊರೇ ಕೇಳಿಸ್ಕೊಂತು."

ಆಗ ಅವನು ಅತ್ತ. ಕಿಟಕಿಯ ಕಡೆ ಮುಖ ಮಾಡಿಕೊಂಡು, ಭುಜ ಅಲುಗಿಸುತ್ತ, ಸದ್ದೇ ಇಲ್ಲದೆ ಅತ್ತ. ಇರ್ಮಾ ಅವನ ಕೈ ಹಿಡಿದುಕೊಂಡಳು. ಮನೆ ಬೇಗ ಬರಬಾರದು ಅನ್ನಿಸಿ ನಾನು ಗಾಡಿಯ ವೇಗ ಇಳಿಸಿದೆ.